ದುಬೈಯೋ ಜರ್ಮನಿಯೋ? ಕಲಬುರಗಿಯ ನರ್ಸ್ ತಂಗಿಗೆ

ತಂಗಿ, ನರ್ಸ್ ಕೆಲಸಕ್ಕೆ ದುಬೈಗೆ ಹೋಗಲೋ ಜರ್ಮನಿಗೆ ಹೋಗಲೋ ಅಂತ ಯೋಚಿಸ್ತಿದ್ದೀಯಲ್ಲ, ದುಡ್ಡಿನಿಂದಲೇ ಶುರು ಮಾಡೋಣ. ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಮನೆ ಸಾಲ ಬೇಗ ತೀರಿಸಬೇಕಿದ್ದರೆ ಅದೇ ಸರಿ. ಜರ್ಮನಿಯಲ್ಲಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಅಂತ ಜಾಸ್ತಿ ಮುರಿಯುತ್ತಾರೆ, ಆದರೆ ಕಾಯಿಲೆ ಬಿದ್ದಾಗ, ಕೆಲಸ ಹೋದಾಗ ಅದೇ ಕೈ ಹಿಡಿಯುತ್ತದೆ.

ಭಾಷೆಯೇ ದೊಡ್ಡ ಕಷ್ಟ. ದುಬೈಗೆ ಇಂಗ್ಲಿಷ್, ನರ್ಸ್ ಲೈಸೆನ್ಸ್ ಪರೀಕ್ಷೆ ಬೇಕು. ನಮ್ಮ ಕಡೆಯವರಿಗೆ ಹಿಂದಿ, ಉರ್ದು ಬರೋದೂ ಅಲ್ಲಿ ಅನುಕೂಲ. ಜರ್ಮನಿಗೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು, ಜರ್ಮನ್ ಬೇಕು. ಡ್ಯೂಟಿ ಮಾಡುತ್ತಾ ಅಷ್ಟು ಕಲಿಯಲು ವರ್ಷವಾದರೂ ಹಿಡಿಯುತ್ತದೆ, ಸುಮ್ನೆ ಮೂರೇ ತಿಂಗಳು ಅನ್ನೋ ಏಜೆಂಟರನ್ನು ನಂಬಬೇಡ.

ಅಪ್ಪ ಅಮ್ಮನಿಗೆ ವಯಸ್ಸಾಗಿದೆ ಅಲ್ವಾ? ಹೈದರಾಬಾದಿನಿಂದ ದುಬೈಗೆ ವಿಮಾನದಲ್ಲಿ ಸುಮಾರು 4 ಗಂಟೆ. ಆದರೆ ಅಲ್ಲಿ ವೀಸಾ ಹೆಚ್ಚಾಗಿ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ಹೊರಗೇ ನೆಲೆ ನಿಲ್ಲುವ ಆಸೆ ಇದ್ದರೆ ಜರ್ಮನಿ. 5 ವರ್ಷದ ನಂತರ ಪೌರತ್ವ ಕೇಳಬಹುದು, ಸಿಕ್ಕರೆ ಭಾರತದ್ದು ಹೋಗುತ್ತದೆ.