ಜನಗಣತಿಯೋ, ಕುಟುಂಬ ಆರೋಗ್ಯ ಸಮೀಕ್ಷೆಯೋ?

ಕರ್ನಾಟಕದ ಅಸಮಾನತೆಯನ್ನು ಅಂಕಿಅಂಶಗಳಲ್ಲಿ ತೋರಿಸಬೇಕೆಂದಿದ್ದರೆ ಯಾವುದನ್ನು ಆರಿಸಿಕೊಳ್ಳಬೇಕು?

2011ರ ಜನಗಣತಿ ಹಳೆಯದು, ನಿಜ. ಆದರೆ ಅದು ಹಳ್ಳಿಯವರೆಗೂ ಇಳಿಯುತ್ತದೆ. ಸಾಕ್ಷರತೆ ದಕ್ಷಿಣ ಕನ್ನಡದಲ್ಲಿ ಸುಮಾರು 89%, ಯಾದಗಿರಿಯಲ್ಲಿ ಸುಮಾರು 52%. ಒಂದೇ ರಾಜ್ಯ! ಬಣ್ಣ ತುಂಬಿದ ನಕ್ಷೆಯಲ್ಲಿ ಈ ಅಂತರ ಕಣ್ಣಿಗೆ ರಾಚುತ್ತದೆ. ತಾಲ್ಲೂಕು, ಊರು ಎಂದು ಇಳಿದಂತೆ ಜಿಲ್ಲೆಯ ಸರಾಸರಿ ಮುಚ್ಚಿಟ್ಟದ್ದೂ ಕಾಣುತ್ತದೆ. ನನಗೆ ಮುಖ್ಯವೆನಿಸುವುದು ಅದೇ. ಶಾಲೆ, ಕುಡಿಯುವ ನೀರಿನ ಪ್ರಶ್ನೆಯಾದರೆ ಇಲ್ಲಿಂದಲೇ ಶುರುಮಾಡಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಗೇ ನಿಲ್ಲುತ್ತದೆ. ಅದು ಮಾದರಿ ಸಮೀಕ್ಷೆ, ಅಂದರೆ ಎಲ್ಲ ಮನೆಗಳನ್ನಲ್ಲ, ಆಯ್ದ ಕೆಲವು ಮನೆಗಳನ್ನಷ್ಟೇ ಕೇಳಿ ಅಂದಾಜಿಸುತ್ತದೆ. ಒಂದೆರಡು ಅಂಕದ ವ್ಯತ್ಯಾಸ ಹಿಡಿದು ಜಿಲ್ಲೆಗಳಿಗೆ ಸ್ಥಾನ ಕೊಡಬೇಡಿ. ಆದರೆ ಮಕ್ಕಳ ಕುಂಠಿತ ಬೆಳವಣಿಗೆ, ರಕ್ತಹೀನತೆಗಳನ್ನು ಮನೆಯ ಸಂಪತ್ತಿನ ಐದು ಹಂತಗಳೊಂದಿಗೆ ಜೋಡಿಸಿ ನೋಡಬಹುದು. ಜನಗಣತಿಯಲ್ಲಿ ಇದು ಸಿಗದು. ಇದಕ್ಕೆ ನಕ್ಷೆಗಿಂತ ಸರಳ ಸ್ತಂಭಚಿತ್ರವೇ ಮೇಲು.