ಎನ್‌ಎಫ್‌ಎಸ್ ಹೋಮ್: ಆರು ವರ್ಷ ಬಳಸಿದ ಮೇಲೆ

ಆರು ವರ್ಷದಿಂದ ನನ್ನ ಫೈಲು, ಸೆಟ್ಟಿಂಗ್ ಎಲ್ಲ ಇರುವ ಹೋಮ್ ಫೋಲ್ಡರ್ ನನ್ನ ಕಂಪ್ಯೂಟರಿನಲ್ಲಿಲ್ಲ. ಅದು ಇರುವುದು ಸರ್ವರಿನಲ್ಲಿ. ಎನ್‌ಎಫ್‌ಎಸ್ (ಬೇರೆ ಯಂತ್ರದ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಬಳಸುವ ವ್ಯವಸ್ಥೆ) ಮೂಲಕ ಮೂರು ಲಿನಕ್ಸ್ ಯಂತ್ರಗಳು ಅದನ್ನೇ ಬಳಸುತ್ತವೆ. ಯಾವುದರ ಮುಂದೆ ಕೂತರೂ ಅದೇ ಫೈಲುಗಳು. ಬ್ಯಾಕಪ್ ಒಂದೇ ಕಡೆ ತೆಗೆದರೆ ಸಾಕು. ಇಷ್ಟರ ಮಟ್ಟಿಗೆ ದೂರುವುದಕ್ಕೆ ಏನೂ ಇಲ್ಲ. ತಲೆನೋವೆಲ್ಲ ಡೆಸ್ಕ್‌ಟಾಪ್ ಸೆಟ್ಟಿಂಗ್‌ಗಳದ್ದು.

ಮೊದಲ ವರ್ಷ ಪೂರ್ತಿ ಗುದ್ದಾಟ. ಶಾರ್ಟ್‌ಕಟ್ ಬದಲಿಸಿದರೆ ಮರುದಿನ ಹಳೆಯದೇ ಇರುತ್ತಿತ್ತು. ಸರ್ವರಿಗೆ ಬೈದೆ, ಸುಮ್ನೆ ಕೇಬಲ್ ಕೂಡ ಬದಲಿಸಿದೆ. ಕಾರಣ ಇದ್ದದ್ದು ಗ್ನೋಮ್ ಡೆಸ್ಕ್‌ಟಾಪ್ ಸೆಟ್ಟಿಂಗ್ ಇಡಲು ಬಳಸುವ ಡಿಕಾನ್ಫ್‌ನಲ್ಲಿ. ಅದು ಸೆಟ್ಟಿಂಗ್‌ಗಳನ್ನೆಲ್ಲ ಒಂದು ಬೈನರಿ ಫೈಲಿನಲ್ಲಿಟ್ಟು, ಆ ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡಿಕೊಂಡು, ಅಂದರೆ ಅದು ಮೆಮೊರಿಯದೇ ಭಾಗ ಎಂಬಂತೆ ಓದುತ್ತದೆ. ಲೋಕಲ್ ಡಿಸ್ಕಿನಲ್ಲಿ ಬಲು ಚುರುಕು. ಫೈಲು ನೆಟ್‌ವರ್ಕಿನ ಆಚೆ ಇದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಮದ್ದು ಒಂದೇ ಸಾಲಿನದು. /ಈಟಿಸಿ/ಡಿಕಾನ್ಫ್/ಪ್ರೊಫೈಲ್/ಯೂಸರ್ ಫೈಲಿನ ಶುರುವಿನಲ್ಲೇ, ಎಲ್ಲಕ್ಕಿಂತ ಮೊದಲು, ‘ಸರ್ವಿಸ್-ಡಿಬಿ:ಕೀಫೈಲ್/ಯೂಸರ್’ ಎಂದು ಹಾಕಬೇಕು. ಹಾಕಬೇಕಾದ್ದು ಪ್ರತಿ ಕ್ಲೈಂಟಿನಲ್ಲಿ, ಅಂದರೆ ಸರ್ವರನ್ನು ಬಳಸುವ ಪ್ರತಿ ಯಂತ್ರದಲ್ಲಿ. ನಾನು ಸರ್ವರಿನಲ್ಲಿ ಹಾಕಿ, ಏನೂ ಆಗಲಿಲ್ಲವಲ್ಲ ಅಂತ ಅರ್ಧ ದಿನ ಕಾದಿದ್ದೆ! ಲಾಗ್‌ಔಟ್ ಆಗಿ ಮತ್ತೆ ಬಂದ ಮೇಲೆ ಸೆಟ್ಟಿಂಗ್‌ಗಳು ಸಾದಾ ಟೆಕ್ಸ್ಟ್ ಫೈಲಿಗೆ ಹೋಗುತ್ತವೆ. ಬದಲಾವಣೆ ಇದೆಯಾ ಎಂದು ಡಿಕಾನ್ಫ್ ಆಗಾಗ ಇಣುಕಿ ನೋಡುತ್ತದೆ. ಹಾಗಾಗಿ ಪಕ್ಕದ ಯಂತ್ರದಲ್ಲಿ ಸ್ವಲ್ಪ ತಡವಾಗಿ ಕಾಣುತ್ತದೆ. ನನಗೆ ಅದು ಸಾಕು.

ತಾತ್ಕಾಲಿಕ ಫೈಲುಗಳಿರುವ ಕ್ಯಾಶ್ ಫೋಲ್ಡರನ್ನು ಲೋಕಲ್ ಡಿಸ್ಕಿಗೆ ಕಳಿಸಿದ್ದೇನೆ. ಅದರ ಜಾಗ ಹೇಳುವ ಎಕ್ಸ್‌ಡಿಜಿ_ಕ್ಯಾಶ್_ಹೋಮ್ ವೇರಿಯಬಲ್ ಬದಲಿಸಿದರೆ ಆಯಿತು, ಬ್ರೌಸರ್ ತೂಕಡಿಸುವುದು ನಿಂತಿತು. ಬ್ರೌಸರ್ ಪ್ರೊಫೈಲ್ ಕೂಡ ಯಂತ್ರಕ್ಕೊಂದು. ಒಂದನ್ನೇ ಎರಡು ಕಡೆ ತೆರೆಯಲು ಹೋದರೆ ಲಾಕ್ ಅಡ್ಡ ಬರುತ್ತದೆ, ಬರಲೇಬೇಕು ಅಲ್ವಾ.

ಮೂರನೇ ಯಂತ್ರ ತಂದಾಗ ಪಾಸ್‌ವರ್ಡ್ ಹಾಕಿದರೂ ಲಾಗಿನ್ ಪರದೆಗೇ ವಾಪಸ್. ಅಲ್ಲಿ ನನ್ನ ಯೂಸರ್ ಐಡಿ 1001, ಉಳಿದೆರಡರಲ್ಲಿ 1000. ಹೆಸರು ಒಂದೇ ಇದ್ದರೂ ಎನ್‌ಎಫ್‌ಎಸ್‌ನ ಮಾಮೂಲಿ ಭದ್ರತೆ ನೋಡುವುದು ಈ ಸಂಖ್ಯೆಯನ್ನು. ನನ್ನದೇ ಫೋಲ್ಡರಿಗೆ ಬರೆಯಲು ನನಗೇ ಅನುಮತಿ ಇರಲಿಲ್ಲ. ಸಂಖ್ಯೆ ಸರಿಮಾಡಿದೆ, ಮುಗಿಯಿತು. ಅಪ್‌ಗ್ರೇಡ್ ಕೂಡ ಈಗ ಮೂರಕ್ಕೂ ಒಂದೇ ದಿನ ಮಾಡುತ್ತೇನೆ. ಹೊಸ ಆವೃತ್ತಿ ಬರೆದ ಸೆಟ್ಟಿಂಗ್ ಹಳೆಯದಕ್ಕೆ ಅರ್ಥವಾಗದೆ ಒಮ್ಮೆ ಪ್ಯಾನೆಲ್ಲೇ ಕಾಣೆಯಾಗಿತ್ತು.

ಸರ್ವರ್ ಆಫ್ ಆದರೆ ಡೆಸ್ಕ್‌ಟಾಪ್ ಕಲ್ಲಾಗುತ್ತದೆ. ಇದಕ್ಕೆ ಹೆದರಿ ಸಾಫ್ಟ್ ಮೌಂಟ್ (ಸರ್ವರ್ ಉತ್ತರಿಸದಿದ್ದರೆ ಸ್ವಲ್ಪ ಹೊತ್ತಿಗೆ ಕೈಬಿಡುವ ಜೋಡಣೆ) ಮಾಡಬೇಡಿ, ಬರೆಯುವಾಗ ಟೈಮ್‌ಔಟ್ ಆದರೆ ಡೇಟಾ ಕೆಡಬಹುದು. ಬಿಡದೆ ಕಾಯುವ ಹಾರ್ಡ್ ಮೌಂಟ್‌ನಲ್ಲಿ ಸರ್ವರ್ ಬಂದ ಮೇಲೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಲ್ಯಾಪ್‌ಟಾಪನ್ನು ಮಾತ್ರ ಇದಕ್ಕೆ ಸೇರಿಸಿಲ್ಲ, ಸೇರಿಸುವುದೂ ಇಲ್ಲ.