ಜ್ಞಾನೋಕ್ತಿಗಳೋ, ಯಾಕೋಬನ ಪತ್ರಿಕೆಯೋ?

ಕೋಲಾರದಲ್ಲಿ ಮನೆ ಪ್ರಾರ್ಥನಾ ಕೂಟ ನಡೆಸುವವರಿಗೆ ವಿವೇಕದ ಬಗ್ಗೆ ಓದಲು ಬೈಬಲಿನ ಈ ಎರಡೂ ಪುಸ್ತಕಗಳು ಒಳ್ಳೆಯವೇ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ. ದಿನಕ್ಕೊಂದರಂತೆ ತಿಂಗಳಿಗೆ ಸರಿಹೋಗುತ್ತದೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯವೆಂಬ 11ನೇ ಅಧ್ಯಾಯದ ಮೊದಲ ವಚನವನ್ನು ಟೊಮೆಟೊ ಮಂಡಿಯಲ್ಲಿ ದುಡಿಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳೂ ಕೂತಿದ್ದರೆ ಇದೇ ಸುಲಭ.

ಯಾಕೋಬನ ಪತ್ರಿಕೆ, ಅಂದರೆ ಅವನು ಬರೆದ ಪತ್ರ, ಐದೇ ಅಧ್ಯಾಯದ್ದು. ಆದರೂ ನನ್ನ ಆಯ್ಕೆ ಇದೇ. 3ನೇ ಅಧ್ಯಾಯದ ಕೊನೆಯ ಆರು ವಚನಗಳನ್ನು ನಿಧಾನವಾಗಿ ಓದಿ. ಜ್ಞಾನಿ ಯಾರೆಂದು ತಿಳಿಯುವುದು ಬಾಯಿಮಾತಿನಿಂದಲ್ಲ, ನಡತೆಯಿಂದ ಎನ್ನುತ್ತಾನೆ. ಎದೆಯಲ್ಲಿ ಹೊಟ್ಟೆಕಿಚ್ಚು ಇಟ್ಟುಕೊಂಡವನ ಜಾಣತನ ಮೇಲಿನಿಂದ, ಅಂದರೆ ದೇವರಿಂದ, ಬಂದದ್ದಲ್ಲ. ಮೇಲಿನಿಂದ ಬಂದದ್ದು ಮೊದಲು ನಿರ್ಮಲ, ಆಮೇಲೆ ಸಮಾಧಾನದ್ದು, ಕರುಣೆ ತುಂಬಿದ್ದು. ಅಂದರೆ ಅದು ಹೃದಯದಲ್ಲಿ ನೆಲೆಯೂರಿದ ಗುಣ. ಆಸ್ತಿ ಪಾಲಿನಲ್ಲಿ ಮಾತುಬಿಟ್ಟ ಅಣ್ಣತಮ್ಮಂದಿರು ಕೂಟದಲ್ಲಿದ್ದರೆ ಖಂಡಿತ ಇಲ್ಲಿಂದಲೇ ಶುರುಮಾಡಿ.